ಗುರುವಿನ ಕಾಳಜಿ: ಋಣವೋ, ಹಕ್ಕೋ?

ಮೈಸೂರಿನ ಅಗ್ರಹಾರದ ಒಂದು ಸಣ್ಣ ಸಭಾಂಗಣದಲ್ಲಿ ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರಿಗೆ ನುಡಿನಮನ ಏರ್ಪಾಡಾಗಿತ್ತು. ಎಂಬತ್ತು ದಾಟಿದ್ದ ಅವರು ತೀರಿಕೊಂಡು ಹದಿನೈದು ದಿನಗಳಾಗಿದ್ದವು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬದುಕಿದ್ದಾಗಲೇ ಹಾರ, ಶಾಲು, ಫೋಟೋಗಳಿಂದ ದೂರ ಉಳಿದವರು ಅವರು. ಬಂದಿದ್ದವರು ಐವತ್ತು ಅರವತ್ತು ಮಂದಿ ಇರಬಹುದು. ಬ್ಯಾಂಕಿನಲ್ಲಿದ್ದವರು, ರೈಲ್ವೆಯಲ್ಲಿದ್ದವರು, ಒಬ್ಬ ಡಾಕ್ಟರು, ಹತ್ತಿರದ ವಾಣಿವಿಲಾಸ ಮಾರುಕಟ್ಟೆಯಲ್ಲಿ ತರಕಾರಿ ವ್ಯಾಪಾರ ಮಾಡುವ ಒಬ್ಬ, ಎಲ್ಲರೂ ಒಂದೊಂದು ಕಾಲದಲ್ಲಿ ಅವರ ವಿದ್ಯಾರ್ಥಿಗಳು.

ಒಬ್ಬೊಬ್ಬರೇ ಎದ್ದು ಮಾತಾಡಿದರು. ಒಬ್ಬರಿಗೆ ಕಾಲೇಜಿನ ದಿನಗಳಲ್ಲಿ ಬೋರ್ಡಿನ ಮೇಲಿನ ಅಕ್ಷರ ಕಾಣುತ್ತಿರಲಿಲ್ಲವಂತೆ. ಹೇಳಿಕೊಳ್ಳಲು ನಾಚಿಕೆ. ಮೇಷ್ಟ್ರು ನೋಟ್‌ಬುಕ್ ತಿದ್ದುವಾಗ, "ಪಕ್ಕದವನು ಬರೆದುಕೊಳ್ಳುವಾಗ ಮಾಡಿದ ತಪ್ಪೇ ನಿನ್ನಲ್ಲೂ ಇದೆ. ನೀನು ಬೋರ್ಡು ನೋಡಿ ಬರೀತಾ ಇಲ್ಲ" ಎಂದರಂತೆ. ಮರುದಿನ ಅವರನ್ನು ಕೆ.ಆರ್. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದರಂತೆ. ನಂಜನಗೂಡಿನಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬ ಹೆಣ್ಣುಮಗಳು, ಪ್ರಯೋಗಶಾಲೆಯ ಬೀರುವಿನ ಒಳಬಾಗಿಲಿಗೆ ಮೇಷ್ಟ್ರು ಆ ರೈಲಿನ ವೇಳಾಪಟ್ಟಿ ಅಂಟಿಸಿಕೊಂಡಿದ್ದನ್ನು ನೆನೆದು ಕಣ್ಣೊರೆಸಿಕೊಂಡರು. ತರಕಾರಿ ಅಂಗಡಿಯವನು ಬಿ.ಎಸ್ಸಿ. ಮುಗಿಸಲಾಗದೆ ಬಿಟ್ಟವನು. "ಇಪ್ಪತ್ತು ವರ್ಷ ನನ್ನ ಅಂಗಡಿಗೆ ಬಂದರು. ಒಂದು ದಿನವೂ ಯಾಕೆ ಫೇಲಾದೆ ಅಂತ ಕೇಳಲಿಲ್ಲ" ಎಂದಷ್ಟೇ ಹೇಳಿ ಕೂತ.

ನನ್ನ ಸರದಿ ಬಂತು. ನಾನು ಸ್ಟೂಲಿನ ಕತೆ ಹೇಳಿದೆ. ರಮಜಾನಿನ ದಿನಗಳು. ಮಧ್ಯಾಹ್ನ ಎರಡರಿಂದ ಐದರವರೆಗೆ ಪ್ರಯೋಗದ ತರಗತಿ, ಎಲ್ಲರೂ ನಿಂತೇ ಮಾಡಬೇಕು. ಮೇಷ್ಟ್ರು ಏನೂ ಮಾತಾಡದೆ ತಮ್ಮ ಸ್ಟೂಲನ್ನು ನನ್ನ ಮೇಜಿನ ಹತ್ತಿರ ಸರಿಸಿದರು. ಗೆಳೆಯನೊಬ್ಬ ತಕ್ಷಣ, "ಅವನಿಗೊಬ್ಬನಿಗೆ ಯಾಕೆ ಸರ್?" ಎಂದ. ಮೇಷ್ಟ್ರು ನಕ್ಕು, "ನಿನಗೆ ಜ್ವರ ಬಂದ ದಿನ ಇದು ನಿನ್ನ ಹತ್ತಿರ ಬರುತ್ತೆ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ಕೂತುಕೊಂಡೆ. ಆದರೆ ನಾನು ಹೇಳಬೇಕಾಗಿದ್ದದ್ದು ಅಲ್ಲಿಗೆ ಮುಗಿದಿರಲಿಲ್ಲ. ಉಳಿದರ್ಧವನ್ನು ಹೇಳುವ ಧೈರ್ಯ ಆ ದಿನ ಬರಲಿಲ್ಲ. ಆ ಸಂಕಟವೇ ಈ ಬರಹಕ್ಕೆ ಕಾರಣ.

ಅದಕ್ಕೂ ಮೊದಲು ಒಂದು ಪ್ರಶ್ನೆ. ಅಧ್ಯಾಪಕನೊಬ್ಬ ವಿದ್ಯಾರ್ಥಿಯ ಬಗ್ಗೆ ತೋರುವ ಕಾಳಜಿ ಏನು? ಅದು ಅವನು ಮಾಡುವ ಉಪಕಾರವೇ? ಹಾಗಾದರೆ ಪಡೆದವನು ಋಣಿ, ಪಡೆಯದವನಿಗೆ ದೂರಲು ಏನೂ ಇಲ್ಲ. ಅಥವಾ ಅದು ವಿದ್ಯಾರ್ಥಿಯ ಹಕ್ಕೇ? ಹಾಗಾದರೆ ಪಡೆದವನು ಕೃತಜ್ಞನಾಗಬೇಕಾದ ಕಾರಣವಿಲ್ಲ, ಪಡೆಯದವನಿಗೆ ಅನ್ಯಾಯವಾಗಿದೆ. ನುಡಿನಮನದ ಸಭೆಗಳಲ್ಲಿ ನಾವು ಮೊದಲನೆಯದನ್ನೇ ನಂಬಿ ಮಾತಾಡುತ್ತೇವೆ. ಅದು ಸರಿಯೇ?

ಋಣದ ಚಿತ್ರ ನಮಗೆಲ್ಲ ಪರಿಚಿತ. ಮೈಸೂರಿನಲ್ಲಿ ಅದರ ದೊಡ್ಡ ಉದಾಹರಣೆಯೇ ಇದೆ. ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಬೋಧಿಸುತ್ತಿದ್ದ ಎಸ್. ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. 1979ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಪಾಕಿಸ್ತಾನದ ಅಬ್ದುಸ್ಸಲಾಂ, ದೇಶ ವಿಭಜನೆಗೆ ಮೊದಲು ಲಾಹೋರಿನಲ್ಲಿ ತಮಗೆ ಗಣಿತ ಹೇಳಿಕೊಟ್ಟಿದ್ದ ಅನಿಲೇಂದ್ರ ಗಂಗೂಲಿಯವರನ್ನು ಹುಡುಕಿಕೊಂಡು 1981ರಲ್ಲಿ ಕಲ್ಕತ್ತೆಗೆ ಬಂದರು. ಹಾಸಿಗೆ ಹಿಡಿದಿದ್ದ ಆ ಹಿರಿಯರ ಮುಂದೆ ಪದಕವನ್ನಿಟ್ಟು, ಇದು ನಿಮ್ಮದು ಎಂದರು. ಗಡಿಯೂ ಧರ್ಮವೂ ಅಡ್ಡ ಬರದ ಇಂಥ ಘಟನೆಗಳನ್ನು ಓದಿದಾಗ ಯಾರ ಮನಸ್ಸಾದರೂ ತುಂಬಿ ಬರುತ್ತದೆ. ಆದರೆ ಗಾಡಿ ಎಳೆದವರನ್ನು ಮಾತ್ರ ನಾವು ನೋಡುತ್ತೇವೆ. ಪದಕ ತಂದವರನ್ನು ಮಾತ್ರ ನೋಡುತ್ತೇವೆ. ನಿಲ್ದಾಣಕ್ಕೆ ಬಾರದವರು, ಪದಕದ ಹತ್ತಿರಕ್ಕೂ ತಲುಪದವರು ಈ ಚಿತ್ರದಲ್ಲಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಏಳನೆಯ ತರಗತಿಯವರೆಗೆ ನಾನು ಉರ್ದು ಶಾಲೆಯಲ್ಲಿ ಓದಿದವನು. ಹೈಸ್ಕೂಲು ಕನ್ನಡದಲ್ಲಿ. ಪಿಯುಸಿಗೆ ಬಂದಾಗ ವಿಜ್ಞಾನವೆಲ್ಲ ಇಂಗ್ಲಿಷ್. ಒಂದೇ ವಸ್ತುವಿಗೆ ಮೂರು ಹೆಸರು. ಉರ್ದುವಿನಲ್ಲಿ ಕುವ್ವತ್, ಕನ್ನಡದಲ್ಲಿ ಬಲ, ಇಂಗ್ಲಿಷಿನಲ್ಲಿ ಫೋರ್ಸ್. ಮೂರರಲ್ಲಿ ಯಾವುದೂ ನನ್ನದಾಗಿರಲಿಲ್ಲ. 1997ರಲ್ಲಿ ಬಿ.ಎಸ್ಸಿ. ಸೇರಿದೆ. ಮೊದಲ ಕಿರುಪರೀಕ್ಷೆಯಲ್ಲಿ ನನ್ನ ಉತ್ತರ ಪತ್ರಿಕೆ ನೋಡಿದ ಮೇಷ್ಟ್ರು, "ಲೆಕ್ಕ ಗೊತ್ತಿದೆ, ಮಾತು ಗೊತ್ತಿಲ್ಲ. ಭಾನುವಾರ ಮನೆಗೆ ಬಾ" ಎಂದರು.

ಮಂಡಿ ಮೊಹಲ್ಲಾದಿಂದ ಸೈಕಲ್ಲಿನಲ್ಲಿ ಹೊರಟು, ಕೆ.ಆರ್. ವೃತ್ತ ದಾಟಿ, ಅರಮನೆಯ ಕೋಟೆ ಗೋಡೆಯನ್ನು ಎಡಕ್ಕೆ ಬಿಟ್ಟು ಅಗ್ರಹಾರ ತಲುಪುತ್ತಿದ್ದೆ. ಅಗ್ರಹಾರವೆಂದರೆ ಓದುವ, ಓದಿಸುವ ಕೆಲಸಕ್ಕಾಗಿ ಹಿಂದಿನ ಕಾಲದಲ್ಲಿ ಅರಸರು ಬ್ರಾಹ್ಮಣರಿಗೆ ಬಿಟ್ಟುಕೊಟ್ಟ ನೆಲ ಎಂದು ಪುಸ್ತಕದಲ್ಲಿ ಓದಿದ್ದೆ. ಇಂದಿನ ಅಗ್ರಹಾರದಲ್ಲಿ ಎಲ್ಲ ಬಗೆಯ ಅಂಗಡಿ, ಎಲ್ಲ ಬಗೆಯ ಜನ. ಆದರೂ ಜಗಲಿ ಇರುವ ಹಳೆಯ ಮನೆಗಳ ಮುಂದೆ ಸೈಕಲ್ ನಿಲ್ಲಿಸುವಾಗ ಹದಿನೇಳರ ಹುಡುಗನಿಗೆ ಎದೆ ಸ್ವಲ್ಪ ಹೊಡೆದುಕೊಳ್ಳುತ್ತಿತ್ತು. ಮೇಷ್ಟ್ರ ಪಡಸಾಲೆಯಲ್ಲಿ ಪಾಠ ನಡೆಯುತ್ತಿತ್ತು. ಒಳಮನೆಗೆ ಎಷ್ಟರ ಮಟ್ಟಿಗೆ ಪ್ರವೇಶವಿತ್ತೆಂದು ನಾನು ಪರೀಕ್ಷಿಸಲಿಲ್ಲ, ಅವರೂ ಅದಕ್ಕೆ ಸಂದರ್ಭ ತರಲಿಲ್ಲ. ರಾಮೇಶ್ವರಂನಲ್ಲಿ ಅಬ್ದುಲ್ ಕಲಾಂ ಅವರನ್ನು ಊಟಕ್ಕೆ ಕರೆದು, ಮಡಿವಂತ ಹೆಂಡತಿ ಬಡಿಸಲು ಹಿಂಜರಿದಾಗ ತಾವೇ ಬಡಿಸಿ ಪಕ್ಕದಲ್ಲಿ ಕೂತು ಉಂಡ ವಿಜ್ಞಾನದ ಮೇಷ್ಟ್ರು ಶಿವಸುಬ್ರಹ್ಮಣ್ಯ ಅಯ್ಯರ್ ಅವರ ಕತೆ ಎಲ್ಲರಿಗೂ ಗೊತ್ತು. ನಮ್ಮ ಮೇಷ್ಟ್ರು ಅಂಥ ದೊಡ್ಡ ಹೆಜ್ಜೆ ಇಟ್ಟವರಲ್ಲ. ಅವರ ರೀತಿ ಬೇರೆ. ಬೆಳಕಿನ ಪಾಠದಲ್ಲಿ, ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆಂಬ ಹಳೆಯ ನಂಬಿಕೆಯನ್ನು ಒಡೆದು, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆಂದು ಸಾವಿರ ವರ್ಷಗಳ ಹಿಂದೆಯೇ ವಾದಿಸಿದ ಇಬ್ನ್ ಅಲ್ ಹೈತಮ್ ಬಗ್ಗೆ ಹತ್ತು ನಿಮಿಷ ಹೇಳಿದರು. ಆ ಹತ್ತು ನಿಮಿಷವೂ ಅವರು ನನ್ನ ಕಡೆ ನೋಡಲಿಲ್ಲ. ಮುಸ್ಲಿಂ ಹೆಸರು ಬಂದ ಕೂಡಲೇ ಇಡೀ ತರಗತಿ ಒಬ್ಬನ ಕಡೆ ತಿರುಗುವುದನ್ನು ಅನುಭವಿಸಿದವರಿಗೆ ಮಾತ್ರ ಆ ನೋಡದಿರುವಿಕೆಯ ಬೆಲೆ ಗೊತ್ತು.

ಇನ್ನೊಂದು ಗುಣವನ್ನೂ ಹೇಳಬೇಕು. ಮನೆಗೆ ಬಂದ ವಿದ್ಯಾರ್ಥಿಗಳ ಕೈಯಲ್ಲಿ ಅವರು ಒಂದು ಕೆಲಸವನ್ನೂ ಮಾಡಿಸುತ್ತಿರಲಿಲ್ಲ. ಒಮ್ಮೆ ಅವರ ಮನೆಯಲ್ಲಿ ಕಾಫಿಪುಡಿ ಮುಗಿದಿತ್ತು. ನಾನು ತರಲು ಎದ್ದೆ. "ಕೂತ್ಕೋ. ನೀನು ತಂದುಕೊಟ್ಟರೆ ನಾಳೆ ನಾನು ತಪ್ಪು ಹೇಳಿದಾಗ ತಪ್ಪು ಅನ್ನೋದಕ್ಕೆ ನಿನಗೆ ಬಾಯಿ ಬರಲ್ಲ" ಎಂದು ತಾವೇ ಚೀಲ ಹಿಡಿದು ಹೋದರು. ಕಾಳಜಿಯ ಹೆಸರಿನಲ್ಲಿ ಶಿಷ್ಯರನ್ನು ಕಟ್ಟಿಹಾಕುವವರನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ಅಕ್ಕರೆ ಇರುತ್ತದೆ, ಆದರೆ ಅದಕ್ಕೆ ಬಾಡಿಗೆಯೂ ಇರುತ್ತದೆ. ಕಾಳಜಿ ನಿಜವೋ ಅಲ್ಲವೋ ಎಂದು ತಿಳಿಯಲು ಒಂದು ಪರೀಕ್ಷೆ ಸಾಕು: ಅದನ್ನು ಪಡೆದವನು ಕೊಟ್ಟವರನ್ನು ಪ್ರಶ್ನಿಸಬಲ್ಲನೇ?

ಈ ಪರೀಕ್ಷೆಯಲ್ಲಿ ಗೆದ್ದ ಭೌತಶಾಸ್ತ್ರದ ಮೇಷ್ಟ್ರೆಂದರೆ ಕನ್ನಡನಾಡಿಗೆ ಮೊದಲು ನೆನಪಾಗುವವರು ಎಚ್. ನರಸಿಂಹಯ್ಯ. ಗೌರಿಬಿದನೂರಿನ ಬಳಿಯ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದವರು. ಹೈಸ್ಕೂಲು ಓದಲು 1935ರಲ್ಲಿ ಊರಿನಿಂದ ಬೆಂಗಳೂರಿಗೆ ನಡೆದೇ ಬಂದರು. ಬಸ್ಸಿಗೆ ಕಾಸಿರಲಿಲ್ಲ. ಊರಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದು ಬೆಂಗಳೂರಿಗೆ ಬಂದಿದ್ದ ಮೇಷ್ಟ್ರೊಬ್ಬರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಅವರ ಓದಿಗೆ ದಾರಿ ಮಾಡಿಕೊಟ್ಟರು. 1942ರ ಚಳವಳಿಯಲ್ಲಿ ಓದು ಬಿಟ್ಟು ಸೆರೆಮನೆಗೆ ಹೋದರು. ಮತ್ತೆ ಓದಿ, 1946ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದ ಮೇಲೂ, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಅದೇ ಖಾದಿ, ಅದೇ ಟೋಪಿ. ಮದುವೆಯಾಗದೆ, ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಹುಡುಗರ ನಡುವೆಯೇ ದಶಕಗಳ ಕಾಲ ಬದುಕಿ 2005ರ ಜನವರಿ 31ರಂದು ತೀರಿಕೊಂಡರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಎಂಬುದೇ ಅವರ ಜೀವಮಾನದ ಪಾಠ. ಅವರ ವೈಚಾರಿಕತೆಯನ್ನು ಪೂರ್ತಿ ಒಪ್ಪದ ಆಸ್ತಿಕರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ನಾನೂ ಒಬ್ಬ. ಆದರೆ ತನ್ನನ್ನು ಒಪ್ಪದವನಿಗೂ ಜಾಗವಿಡುವ ಗುರು ಎಷ್ಟು ಮಂದಿಗೆ ಸಿಗುತ್ತಾನೆ?

ನರಸಿಂಹಯ್ಯನವರ ಬದುಕಿನಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ತಮಗೆ ಸಿಕ್ಕ ಆಸರೆಯನ್ನು ಅವರು ಕೊಟ್ಟವರಿಗೇ ಹಿಂತಿರುಗಿಸಿ ಸುಮ್ಮನಾಗಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಂಥ ಊರುಗಳಲ್ಲಿ ಕಾಲೇಜು ಕಟ್ಟಿಸಿದರು. ತಾವು ನಡೆದು ಬಂದ ದಾರಿಯನ್ನು ಇನ್ನೊಬ್ಬ ಹುಡುಗ ನಡೆಯುವಂತಾಗಬಾರದು ಎಂಬುದು ಅದರ ಅರ್ಥ. ಎಂದರೆ, ತಾವು ಪಡೆದದ್ದು ತಮ್ಮ ಅದೃಷ್ಟ ಎಂದು ಅವರು ಬಗೆಯಲಿಲ್ಲ. ಎಲ್ಲರಿಗೂ ಸಿಗಬೇಕಾದದ್ದು ತಮಗೊಬ್ಬರಿಗೆ ಸಿಕ್ಕಿತು ಎಂದು ಬಗೆದರು. ಇದು ಋಣದ ಭಾಷೆಯಲ್ಲ, ಹಕ್ಕಿನ ಭಾಷೆ.

ಇನ್ನು ನಾನು ಸಭೆಯಲ್ಲಿ ಹೇಳದ ಮಾತು.

ಮೇಷ್ಟ್ರು ತೀರಿಕೊಳ್ಳುವ ಎರಡು ವರ್ಷ ಮೊದಲು ನನ್ನ ಕಥಾಸಂಕಲನ ಕೊಡಲು ಅವರ ಮನೆಗೆ ಹೋಗಿದ್ದೆ. ಪುಸ್ತಕವನ್ನು ಮುಟ್ಟಿ ನೋಡಿ ಸಂತೋಷಪಟ್ಟರು. ನಾನು ಹೊಗಳಲು ಆರಂಭಿಸಿದೆ. ನೀವಿಲ್ಲದಿದ್ದರೆ ನಾನು ಓದನ್ನೇ ಬಿಡುತ್ತಿದ್ದೆ ಸರ್, ಇತ್ಯಾದಿ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ನಿಮ್ಮ ಬ್ಯಾಚಿನಲ್ಲಿ ಒಬ್ಬಳು ಹುಡುಗಿ ಇದ್ದಳಲ್ಲ, ಪ್ರಿಸಂ ಪ್ರಯೋಗವನ್ನು ಎಲ್ಲರಿಗಿಂತ ಮೊದಲು ಮುಗಿಸುತ್ತಿದ್ದಳು. ಕೊನೇ ವರ್ಷ ಬರೋದೇ ಬಿಟ್ಟಳು. ಏನಾದಳು?"

ನನ್ನ ಗಂಟಲು ಕಟ್ಟಿತು. ಆ ಹುಡುಗಿ ನಮ್ಮ ಮೊಹಲ್ಲಾದವಳು, ಹಿಂದಿನ ಬೀದಿಯವಳು.

"ಅವಳ ತಂದೆ ಆಟೋ ಓಡಿಸುತ್ತಿದ್ದರು ಸರ್. ಅಪಘಾತವಾಗಿ ಕಾಲು ಹೋಯಿತು. ಪರೀಕ್ಷೆ ಫೀಸಿಗೆ ದುಡ್ಡಿರಲಿಲ್ಲ. ಅಣ್ಣ ಸಾಕು ಅಂದ."

"ಇದು ನಿನಗೆ ಆಗಲೇ ಗೊತ್ತಿತ್ತೇನಯ್ಯಾ?"

"ಗೊತ್ತಿತ್ತು ಸರ್."

ಗೊತ್ತಿತ್ತು. ಅಮ್ಮಿ ಮನೆಯಲ್ಲಿ ಊದುಬತ್ತಿ ಹೊಸೆಯುತ್ತ ಕೂತಿದ್ದಾಗ ಆ ಮನೆಯ ಕಷ್ಟವನ್ನೆಲ್ಲ ಹೇಳಿದ್ದಳು. ಮರುದಿನ ಭಾನುವಾರ. ನಾನು ಅಗ್ರಹಾರಕ್ಕೆ ಹೋಗಿ, ಎರಡು ಗಂಟೆ ಪಾಠ ಕೇಳಿ, ಕಾಫಿ ಕುಡಿದು ವಾಪಸು ಬಂದೆ. ಒಂದು ಮಾತು ಹೇಳಲಿಲ್ಲ. ಹೆಣ್ಣುಮಕ್ಕಳ ವಿಷಯ ನಮಗೇಕೆ ಎಂದುಕೊಂಡೆ. ಅದು ಹೊರಗಿನ ಕಾರಣ. ಒಳಗಿನದು, ಅವಳು ನನಗಿಂತ ಮುಂದಿದ್ದಳು. ಭಾನುವಾರದ ಆ ಪಡಸಾಲೆಗೆ ನಾವು ಹುಡುಗರು ಮಾತ್ರ ಹೋಗಬಹುದಿತ್ತು. ಅವಳ ಮನೆಯಲ್ಲಿ ಬಿಡುತ್ತಿರಲಿಲ್ಲ. ಆದರೂ ಅವಳೇ ಮುಂದಿದ್ದಳು.

ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಬಹಳ ಹೊತ್ತಿನ ಮೇಲೆ ಹೇಳಿದರು: "ಆಫೀಸಿನಲ್ಲಿ ವಿಳಾಸ ತೊಗೊಂಡು ಒಂದು ಕಾರ್ಡು ಬರೆದೆ. ಉತ್ತರ ಬರಲಿಲ್ಲ. ಹಾಜರಿ ಮುಕ್ಕಾಲು ಪಾಲಿಗಿಂತ ಕಡಿಮೆಯಾಯಿತು, ನಿಯಮದ ಪ್ರಕಾರ ಹೆಸರಿನ ಮುಂದೆ ಬರೆದುಬಿಟ್ಟೆ. ಯಾವ ಪ್ರಯೋಗದಲ್ಲೂ ಅಳತೆಯನ್ನು ಮೂರು ಸಲ ತೊಗೊಳ್ಳಿ ಅಂತ ನಿಮಗೆಲ್ಲ ಬಡಿದುಕೊಳ್ತಿದ್ದೆ. ಅವಳ ವಿಷಯದಲ್ಲಿ ಒಂದೇ ಸಲ ತೊಗೊಂಡೆ."

ಈ ಮಾತನ್ನು ನಾನು ಎಷ್ಟೋ ರಾತ್ರಿ ತಿರುವಿ ಹಾಕಿದ್ದೇನೆ. ಕಾಳಜಿ ಕೇವಲ ಉಪಕಾರವಾಗಿದ್ದರೆ ಮೇಷ್ಟ್ರಿಗೆ ಈ ನೋವು ಇರಬಾರದಾಗಿತ್ತು. ನೂರಾರು ಮಂದಿಗೆ ಉಪಕಾರ ಮಾಡಿದವನು ಒಬ್ಬರಿಗೆ ಮಾಡಲಿಲ್ಲವೆಂದು ಇಪ್ಪತ್ತು ಮೂವತ್ತು ವರ್ಷ ಕೊರಗುವುದಿಲ್ಲ. ದಾನ ಕೊಟ್ಟವನಿಗೆ ಕೊಟ್ಟವರ ಲೆಕ್ಕ ನೆನಪಿರುತ್ತದೆ. ಸಾಲ ಉಳಿಸಿಕೊಂಡವನಿಗೆ ತೀರಿಸದ ಲೆಕ್ಕ ನೆನಪಿರುತ್ತದೆ. ಮೇಷ್ಟ್ರು ಎರಡನೆಯವರ ಹಾಗೆ ಮಾತಾಡಿದರು. ನಾನು ಋಣಿ ಎಂದು ಅವರ ಮುಂದೆ ಕೂತಿದ್ದೆ. ಅವರೋ, ಬಾರದೆ ಹೋದ ಒಬ್ಬಳಿಗೆ ತಾವು ಋಣಿ ಎಂದು ಕೂತಿದ್ದರು.

ಇದಕ್ಕೆ ಆಕ್ಷೇಪಗಳಿವೆ. ಒಳ್ಳೆಯವರು ತಮ್ಮ ಕರ್ತವ್ಯಕ್ಕಿಂತ ಹೆಚ್ಚಿನ ಭಾರ ಹೊತ್ತು ಕೊರಗುತ್ತಾರೆ, ಅವರ ಕೊರಗನ್ನೇ ನಿಯಮ ಮಾಡಬಾರದು ಎನ್ನಬಹುದು. ಅಧ್ಯಾಪಕನಿಗೆ ಸಂಬಳ ಕೊಡುವುದು ಪಾಠ ಹೇಳುವುದಕ್ಕೆ. ತರಗತಿಯಲ್ಲಿ ಎಂಬತ್ತು ಮಂದಿ. ಎಲ್ಲರ ಮನೆಯ ಕಷ್ಟವನ್ನೂ ಅವನು ಹೊರಬೇಕೇ? ಕಾಳಜಿಯನ್ನು ಹಕ್ಕೆಂದು ಬರೆದು ಸುತ್ತೋಲೆ ಹೊರಡಿಸಿದರೆ ಅದು ಇನ್ನೊಂದು ನಮೂನೆ ತುಂಬುವ ಕೆಲಸವಾದೀತು. ಈ ಮಾತುಗಳಲ್ಲಿ ಸತ್ಯವಿದೆ. ಮಮತೆಯನ್ನು ಆಜ್ಞೆ ಮಾಡಿ ತರಿಸಲಾಗುವುದಿಲ್ಲ.

ಆದರೆ ಆ ಹುಡುಗಿಗೆ ಬೇಕಾಗಿದ್ದದ್ದು ಮಮತೆಯಲ್ಲ. ಅವಳು ಯಾಕೆ ಬರಲಿಲ್ಲ ಎಂದು ಯಾರಾದರೂ ಎರಡನೆಯ ಸಲ, ಮೂರನೆಯ ಸಲ ಕೇಳುವುದು. ಅಷ್ಟೇ. ಗೆಳೆಯನ ಕಣ್ಣಿನ ದೋಷವನ್ನು ಮೇಷ್ಟ್ರು ಕಂಡುಹಿಡಿದದ್ದೂ ಮಮತೆಯಿಂದಲ್ಲ, ತಪ್ಪು ಎಲ್ಲಿಂದ ಬಂತೆಂದು ಹುಡುಕುವ ಅಭ್ಯಾಸದಿಂದ. ನೋಡುವುದೆಂದರೆ ನಮ್ಮ ಕಣ್ಣಿನ ಬೆಳಕನ್ನು ಇನ್ನೊಬ್ಬರ ಮೇಲೆ ಚೆಲ್ಲುವುದಲ್ಲ, ಅವರಿಂದ ಬರುವುದಕ್ಕೆ ಕಣ್ಣು ತೆರೆದಿಡುವುದು ಎಂದು ಆ ಬೆಳಕಿನ ಪಾಠದಲ್ಲೇ ಅವರು ಹೇಳಿದ್ದರಲ್ಲವೇ? ಪ್ರೀತಿ ಎಲ್ಲರಲ್ಲೂ ಒಂದೇ ಸಮ ಹುಟ್ಟುವುದಿಲ್ಲ. ಗಮನವನ್ನಾದರೂ ಎಲ್ಲರಿಗೂ ಹಂಚಬಹುದು, ಹಂಚಬೇಕು. ಅದು ಹಕ್ಕು. ಮಿಕ್ಕದ್ದು ಕೊಡುಗೆ. ಸ್ಟೂಲು ನನಗೆ ಮಾತ್ರ ಸಿಕ್ಕಿದ್ದು ಅನ್ಯಾಯವಲ್ಲ. ಯಾಕೆಂದರೆ ಯಾರಿಗೆ ಅದರ ಅಗತ್ಯವಿದೆ ಎಂಬ ಗಮನ ಎಲ್ಲರ ಮೇಲೂ ಇತ್ತು. ಗಮನ ತಪ್ಪಿದ ಕಡೆ ಮಾತ್ರ ಅನ್ಯಾಯ ನಡೆಯಿತು.

ಎಂಬತ್ತು ಮಂದಿಯನ್ನು ಒಬ್ಬನೇ ಗಮನಿಸಲಾರ ಎಂಬುದೂ ನಿಜವೇ. ಆದ್ದರಿಂದಲೇ ಒಬ್ಬ ಒಳ್ಳೆಯ ಮೇಷ್ಟ್ರ ಹೃದಯವನ್ನು ನಂಬಿ ಕಾಲೇಜು ನಡೆಸಬಾರದು. ಅವರು ಕಂಡವರು ಉಳಿಯುತ್ತಾರೆ, ಕಾಣದವರು ಉದುರುತ್ತಾರೆ. ಭಾನುವಾರದ ಪಾಠ ಹುಡುಗಿಯರೂ ಬರಬಹುದಾದ ಕಾಲೇಜಿನ ಕೋಣೆಯಲ್ಲಿ ನಡೆದಿದ್ದರೆ, ಪರೀಕ್ಷೆ ಫೀಸು ಕಟ್ಟಲಾಗದವರಿಗೆ ಒಂದು ನಿಧಿ ಇದ್ದಿದ್ದರೆ, ಕಾರ್ಡಿಗೆ ಉತ್ತರ ಬಾರದಿದ್ದಾಗ ಮನೆಗೆ ಹೋಗಿ ಬರುವ ಏರ್ಪಾಡಿದ್ದಿದ್ದರೆ, ಅವಳ ಓದು ಮೇಷ್ಟ್ರೊಬ್ಬರ ನೆನಪಿನ ಮೇಲೆ ನಿಲ್ಲಬೇಕಾಗಿರಲಿಲ್ಲ.

ನನ್ನ ಪಾಲು? ನನಗೆ ಸಂಬಳವಿರಲಿಲ್ಲ, ಹಾಜರಿ ಪುಸ್ತಕವಿರಲಿಲ್ಲ. ಆದರೆ ಮೇಷ್ಟ್ರಿಗೆ ಕಾಣದ್ದು ನನಗೆ ಕಾಣುತ್ತಿತ್ತು. ಕಾಣುವ ಜಾಗದಲ್ಲಿ ನಿಂತವನ ಮೇಲೆ ಹೊಣೆ ಬೀಳುತ್ತದೆ, ಅವನು ಒಪ್ಪಲಿ ಬಿಡಲಿ. ನಮ್ಮಲ್ಲಿ ಅಮಾನತ್ ಎಂಬ ಮಾತಿದೆ. ನಂಬಿ ಕೈಯಲ್ಲಿಟ್ಟದ್ದು ನಮ್ಮದಲ್ಲ, ಸೇರಬೇಕಾದವರಿಗೆ ಸೇರಿಸಬೇಕು. ಒಡವೆ, ಹಣ ಮಾತ್ರ ಅಮಾನತ್ ಅಲ್ಲ, ತಿಳಿದ ಸಂಗತಿಯೂ ಅಮಾನತ್ತೇ. ಆ ಭಾನುವಾರ ನಾನು ಅದನ್ನು ಮುಟ್ಟಿಸಲಿಲ್ಲ. ಕಾಳಜಿಯನ್ನು ಹೊಟ್ಟೆತುಂಬ ಪಡೆದವನು ಅದರ ಒಂದು ತುತ್ತನ್ನೂ ಪಕ್ಕದ ಬೀದಿಗೆ ದಾಟಿಸಲಿಲ್ಲ. ಎಂದರೆ, ಅಷ್ಟು ವರ್ಷ ಆ ಪಡಸಾಲೆಯಲ್ಲಿ ಕೂತು ನಾನು ಭೌತಶಾಸ್ತ್ರ ಮಾತ್ರ ಕಲಿತಿದ್ದೆ.

ಮೇಷ್ಟ್ರ ಮನೆಯಿಂದ ಬಂದ ಮೇಲೆ ಹಳೆಯ ಬೀದಿಯಲ್ಲಿ ವಿಚಾರಿಸಿದೆ. ಆ ಮನೆಯವರು ಮೊಹಲ್ಲಾ ಬಿಟ್ಟು ಹೋಗಿ ಬಹಳ ವರ್ಷಗಳಾಗಿದ್ದವು. ಯಾರೋ ರಾಜೀವನಗರ ಎಂದರು, ಯಾರೋ ಬೆಂಗಳೂರು ಎಂದರು. ಎರಡು ಸಲ ಹುಡುಕಿ ಕೈಬಿಟ್ಟಿದ್ದೆ. ನುಡಿನಮನದ ಸಭೆ ಮುಗಿಸಿ ಅಗ್ರಹಾರದ ವೃತ್ತದಲ್ಲಿ ನಿಂತಾಗ ಅದು ನೆನಪಾಯಿತು. ಎರಡು ಸಲ ಅಷ್ಟೇ. ಮೂರನೆಯದು ಬಾಕಿ ಇದೆ.